ಚಿಕ್ಕಿಗೆ ಹತ್ತು ದಿನ

ಶಿರಸಿ,
ಬುಧವಾರ, ೨೦-೧೧-೨೦೦೨

ಪ್ರೀತಿಯ ಸಂಹಿತಾ,

ಆಯಿಯ ಆಶೀರ್ವಾದಗಳು. ಹೇಗಿದ್ದೀಯ? ಹಾಸ್ಟೆಲಿನ ನೀರಿಗೆ ಕೂದಲು ಉದುರುವುದು ನಿಂತಿತೇ? ಮಂಗಳೂರಿನ ಸೆಖೆಗೆ ಬೆನ್ನ ಮೇಲೆ ಬೆವರುಸಾಲೆ ಎದ್ದಿತ್ತಲ್ಲ, ನಾನು ಕಟ್ಟಿಕೊಟ್ಟ ಲಾವಂಚದ ಪುಡಿ ಹಚ್ಚಿಕೊಂಡೆಯೋ, ಅಥವಾ ಅದು ಡಬ್ಬಿಯಲ್ಲೇ ಕೂತಿದೆಯೋ? ಫಿಸಿಯೋಥೆರಪಿ ಕಾಲೇಜು, ಆಸ್ಪತ್ರೆಯ ಡ್ಯೂಟಿ ಎಂದು ಬೆಳಗಿನ ತಿಂಡಿ ಬಿಡಬೇಡ. ಬೇರೆಯವರ ಮೂಳೆ ಸರಿಮಾಡುವವಳಿಗೆ ಮೊದಲು ತನ್ನ ಮೂಳೆಯ ಮೇಲೆ ಸ್ವಲ್ಪ ಮಾಂಸ ಇರಬೇಕು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆಂದು ತಿಳಿದುಕೋ. ಅಪ್ಪಯ್ಯನಿಗೆ ಅದೇ ಕೆಮ್ಮು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಮ್ಮ ಮನೆಯ ಫೋನು ಇರುವುದು ನಡುಮನೆಯಲ್ಲಿ, ಅದು ಕಿಣಿಗುಟ್ಟಿದರೆ ಸಾಕು, ಎಲ್ಲರಿಗೂ ಅಲ್ಲೇ ಏನೋ ಹುಡುಕುವ ಕೆಲಸ ಬರುತ್ತದೆ. ನಿನ್ನ ಹತ್ತಿರ ನನಗೊಂದು ಜಗಳವಿದೆ, ಅದರ ಹಿಂದೆ ಹೇಳಿಕೊಳ್ಳಲು ನಾಚಿಕೆಯಾಗುವ ಒಂದು ವಿಷಯವೂ ಇದೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕುತ್ತಿದ್ದೇನೆ.

ಜಗಳ ಮೊದಲು. ಸೋಮವಾರ ಅಂಚೆಯವನು ನಿನ್ನ ಕಾಗದವನ್ನು ನನ್ನ ಕೈಗೇ ಕೊಟ್ಟ. ದೂರದಿಂದಲೇ ನಿನ್ನ ಅಕ್ಷರ ಗುರುತು ಸಿಕ್ಕಿ ಹಿಗ್ಗಿದೆ. ಹತ್ತಿರ ತಂದು ನೋಡಿದರೆ ಮೇಲಿದ್ದ ಹೆಸರು ನಿನ್ನ ಚಿಕ್ಕಿಯದು. ಸಂಜೆ ಐದೂವರೆಗೆ ಅವಳು ಶಾಲೆಯಿಂದ ಬರುವವರೆಗೆ ಆ ಲಕೋಟೆ ಅವಳ ಮೇಜಿನ ಮೇಲಿತ್ತು, ನಾನು ನಾಲ್ಕು ಸಲ ಅಲ್ಲಿ ಧೂಳು ಒರೆಸಿದೆ. ಬಂದವಳು ಕೈಕಾಲು ತೊಳೆಯದೆ ಒಡೆದು, ಗಟ್ಟಿಯಾಗಿ ಓದಿದಳು. ನಾಲ್ಕು ಪುಟ. ಗಲ್ಲ ಹಿಂದಕ್ಕೆ ಎಳೆದು ಹತ್ತು ಎಣಿಸುತ್ತಿದ್ದಾಳೋ ಇಲ್ಲವೋ, ಎತ್ತರದ ದಿಂಬು ಬಿಟ್ಟಳೋ ಇಲ್ಲವೋ, ಪೇಪರು ತಿದ್ದುವಾಗ ಕೆಳಗೆ ಹಲಗೆ ಇಟ್ಟುಕೊಳ್ಳುತ್ತಾಳೋ ಇಲ್ಲವೋ, ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸುತ್ತಾಳೋ ಇಲ್ಲವೋ. ಕೊನೆಯ ಪುಟದ ಕೊನೆಯ ಸಾಲು, ‘ಆಯಿಗೆ, ಅಪ್ಪಯ್ಯನಿಗೆ ನಮಸ್ಕಾರ ಹೇಳು.’ ನನ್ನ ಪಾಲಿಗೆ ಬಂದದ್ದು ಒಂದು ಶಬ್ದ. ನಮಸ್ಕಾರವನ್ನು ನಿನ್ನ ಅಪ್ಪಯ್ಯನ ಜೊತೆ ಹಂಚಿಕೊಳ್ಳಬೇಕಾಯಿತು.

ನನಗೆ ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕಬೇಡ, ನಾನೂ ಮೂರು ದಿನ ಹುಡುಕಿ ಬಿಟ್ಟಿದ್ದೇನೆ. ಐವತ್ತಕ್ಕೆ ಹತ್ತಿರ ಬಂದವಳು ಓರಗಿತ್ತಿಯ ಕುತ್ತಿಗೆಯ ಮೇಲೆ ಹೊಟ್ಟೆಕಿಚ್ಚು ಪಡುವುದು ಹೊರಗಿನವರಿಗೆ ನಗೆಯ ವಿಷಯ. ನಗುವವರು ನಗಲಿ.

ನಿನ್ನ ಚಿಕ್ಕಿ ಸೀತಾಳ ತಲೆನೋವು ಈ ಮನೆಗೆ ಬಂದು ಹದಿನೈದು ವರ್ಷವಾಯಿತು. ನೀನು ಆಗ ಇನ್ನೂ ಒಂದನೇ ಇಯತ್ತೆ. ಕುತ್ತಿಗೆಯ ಹಿಂದೆ ಬಲಕ್ಕೆ ಶುರುವಾಗಿ, ತಲೆಯ ಮೇಲಿಂದ ಹತ್ತಿ, ಬಲಗಣ್ಣಿನ ಹಿಂದೆ ಬಂದು ಕೂರುತ್ತಿತ್ತಂತೆ. ಅದು ಬಂತೆಂದರೆ ರೇಡಿಯೋ ಬಂದ್, ಒಗ್ಗರಣೆ ಬಂದ್, ಅವಳ ಕೋಣೆಯ ಕಿಟಕಿಗೆ ನನ್ನ ದಪ್ಪ ಸೀರೆಯ ಪರದೆ. ದಿನಕರ ಚಿಕ್ಕಪ್ಪ ತುದಿಗಾಲಲ್ಲಿ ಓಡಾಡುತ್ತಿದ್ದ. ‘ಅಕ್ಕಯ್ಯಾ, ತಲೆ ಒಡದು ಹೋಗ್ತು’ ಎಂದು ಅವಳು ಒಳಗಿನಿಂದ ಕರೆದರೆ ಗಂಧ ತೇಯುವವಳು ನಾನು, ಹಣೆಗೆ ಬಟ್ಟೆ ಬಿಗಿದು ಕಟ್ಟುವವಳು ನಾನು, ಶುಂಠಿ ಕಾಫಿ ಮಾಡುವವಳೂ ನಾನು. ಮರುದಿನ ಅವಳು ಶಾಲೆಗೆ ರಜೆ ಹಾಕಿ ಮಲಗುತ್ತಿದ್ದಳು. ಸಂಬಳದ ಕೆಲಸದವರ ತಲೆನೋವಿಗೆ ರಜೆ ಸಿಗುತ್ತದೆ. ಪರೀಕ್ಷೆಯ ಪೇಪರಿನ ಗಂಟು ಮನೆಗೆ ಬಂದ ವಾರವೇ ನೋವು ಹೆಚ್ಚಾಗುವುದನ್ನು ಮೊದಲು ಗುರುತಿಸಿದವಳೂ ನಾನೇ. ನಾನು ಅದಕ್ಕೆ ಕಟ್ಟಿದ ಅರ್ಥ ಬೇರೆ. ಅಡುಗೆಮನೆಯಲ್ಲಿ ಒಂದು ದಿನ, ‘ಕೆಲ್ಸ ಕಂಡ್ರೆ ತಲೆನೋವು ಬತ್ತು ಇದಕ್ಕೆ’ ಎಂದುಬಿಟ್ಟೆ. ಅವಳಿಗೆ ಕೇಳಿಸಿತು, ಎರಡು ದಿನ ಮಾತು ಬಿಟ್ಟಳು. ನಾನು ತಪ್ಪಾಯಿತು ಎನ್ನಲಿಲ್ಲ. ಬದಲಿಗೆ ಮದುವೆ ಮುಂಜಿಗೆ ಹೋದಲ್ಲೆಲ್ಲ, ತಲೆನೋವು ಎಂದರೆ ಏನೆಂದೇ ನನಗೆ ಗೊತ್ತಿಲ್ಲ ಎಂದು ಹೇಳಿಕೊಂಡು ತಿರುಗಿದೆ. ಗಟ್ಟಿ ಹೆಂಗಸು ಎಂಬ ಹೆಸರು ಬಂತು. ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು.

ಮೊನ್ನೆ ದೀಪಾವಳಿಗೆ ನೀನು ಬಂದೆ. ಬಂದ ಮರುದಿನವೇ ಅವಳಿಗೆ ನೋವು ಬಂತು, ಒಳ್ಳೆಯ ಮುಹೂರ್ತ ನೋಡಿಯೇ ಬಂತು. ನೀನು ಅವಳನ್ನು ನನ್ನ ಹೊಲಿಗೆ ಮಷೀನಿನ ಸ್ಟೂಲಿನ ಮೇಲೆ ಕೂರಿಸಿದೆ, ಆಮೇಲೆ ಚಾಪೆಯ ಮೇಲೆ ಅಂಗಾತ ಮಲಗಿಸಿದೆ. ಗಲ್ಲ ಎದೆಗೆ ತಾಗುವಂತೆ ತಲೆ ಎತ್ತಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದೆ. ಎಡಕ್ಕೆ ಸಲೀಸಾಗಿ ಹೋಯಿತು, ಬಲಕ್ಕೆ ಅರ್ಧದಲ್ಲೇ ಸಿಕ್ಕಿಕೊಂಡಿತು. ತಲೆಬುರುಡೆಯ ಬುಡದಲ್ಲಿ ಒಂದು ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿದ್ದೇ ತಡ, ಅವಳು ಕಣ್ಣು ಹಿಡಿದುಕೊಂಡಳು. ನೀನು ಒತ್ತಿದ್ದು ಕುತ್ತಿಗೆಯಲ್ಲಿ, ಅವಳಿಗೆ ನೋವೆದ್ದದ್ದು ಕಣ್ಣಿನ ಹಿಂದೆ. ಆಗ ನೀನು ಹೇಳಿದ ಮಾತು ನನಗೆ ಬಾಯಿಪಾಠ ಬಂದಿದೆ. ‘ಚಿಕ್ಕೀ, ನೋವು ಕಾಣೂದು ತಲೇಲಿ, ಹುಟ್ಟೂದು ಕುತ್ತಿಗೇಲಿ.’ ಅವಳನ್ನು ಡಾಕ್ಟರ ಹತ್ತಿರ ಕಳಿಸಿ ಬಿ.ಪಿ., ಕಣ್ಣು, ಎಕ್ಸ್‌ರೇ ಎಲ್ಲ ಮಾಡಿಸಿದೆ. ಮಂಗಳೂರಿನ ನಿಮ್ಮ ಮೇಡಂಗೆ ಫೋನ್ ಮಾಡಿ ಕೇಳಿಕೊಂಡೆ. ಆಮೇಲೆ ಶುರುವಾಯಿತು ಹತ್ತು ದಿನದ ಸೇವೆ.

ದಿನಾ ಸಂಜೆ ಆರಕ್ಕೆ, ಮಾಳಿಗೆಯ ಕೋಣೆಯಲ್ಲಿ. ಬಿಸಿನೀರಿನ ರಬ್ಬರ್ ಚೀಲ ತುಂಬಿ ಮೆಟ್ಟಿಲು ಹತ್ತಿ ತಂದುಕೊಡುವುದು ನನ್ನ ಪಾಲಿನ ಕೆಲಸ. ನೀನು ಅವಳ ತಲೆಯ ಕಡೆ ಕೂತು, ಎರಡು ಅಂಗೈಯಲ್ಲಿ ಅವಳ ತಲೆ ಹಿಡಿದು, ಹೆಬ್ಬೆರಳಿನಿಂದ ಕುತ್ತಿಗೆಯ ಒಂದೊಂದೇ ಗಂಟನ್ನು ಮೆತ್ತಗೆ ಜರುಗಿಸುತ್ತಿದ್ದೆ. ಎಷ್ಟು ನಿಧಾನ, ಎಷ್ಟು ತಾಳ್ಮೆ. ಆ ಕೈಗೆ ನಾಲ್ಕು ವರ್ಷವಿದ್ದಾಗ ನಾನು ಸೂಜಿಗೆ ದಾರ ಪೋಣಿಸಲು ಕಲಿಸಿದ್ದೆ. ಶಾಲೆಗೆ ಹೋಗುವ ಮೊದಲು ನನಗಾಗಿ ಹತ್ತು ಸೂಜಿ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿ ಹೋಗುತ್ತಿದ್ದೆ ನೀನು, ನೆನಪಿದೆಯೇ? ಆ ಕೈ ನನ್ನದು ಎಂದುಕೊಂಡಿದ್ದೆ. ಮೂರನೇ ದಿನ ಸೀತಾ ಮೈ ತಿರುಗಿಸದೆ ಬರೀ ತಲೆ ತಿರುಗಿಸಿ ಬಲಗಡೆಯ ಕಿಟಕಿ ನೋಡಿದಳು, ನೋಡಿ ಅತ್ತಳು. ನೀನು ನಿನ್ನ ದುಪಟ್ಟಾದಲ್ಲಿ ಅವಳ ಕಣ್ಣು ಒರೆಸಿದೆ. ನಾನು ಬಿಸಿನೀರಿನ ಚೀಲ ಅಲ್ಲೇ ಬಾಗಿಲಲ್ಲಿಟ್ಟು ಕೆಳಗೆ ಬಂದೆ. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದು ಅದಕ್ಕೇ.

ನೀನು ನನ್ನನ್ನು ಕೇಳಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿದೆ, ಒಂದೇ ಸಲ. ಬಟ್ಟೆ ಮಡಿಸುತ್ತ, ‘ಆಯೀ, ನಿಂಗೆಂತಾದ್ರೂ ನೋವು ಇದ್ದಾ?’ ಎಂದೆ. ನಾನು ‘ನಂಗೆಂತ ಧಾಡಿ’ ಎಂದೆ. ನೀನು ಸರಿ ಎಂದು ಮಡಿಸಿದ ಬಟ್ಟೆ ತೆಗೆದುಕೊಂಡು ಹೋದೆ. ಚಿಕ್ಕಿಗೆ ಎಷ್ಟು ಪ್ರಶ್ನೆ ಕೇಳಿದ್ದೆ! ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಹೇಗೆ ಮಲಗುತ್ತೀ, ಕೈ ಜೋಮು ಹಿಡಿಯುತ್ತದೆಯೇ. ನನಗೆ ಒಂದು ಪ್ರಶ್ನೆ, ಅದಕ್ಕೆ ನಾನು ಹೇಳಿದ ಸುಳ್ಳನ್ನು ನೀನು ಅಷ್ಟು ಬೇಗ ನಂಬಿದೆ. ಎರಡನೇ ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

ಹೋದ ಭಾನುವಾರ ಯಲ್ಲಾಪುರಕ್ಕೆ ಹೋಗಿದ್ದೆವು, ಸೀತಾಳ ಚಿಕ್ಕಪ್ಪನ ಮೊಮ್ಮಗಳ ನಾಮಕರಣ. ಊಟದ ಮೊದಲು ಹೆಂಗಸರೆಲ್ಲ ಹಿತ್ತಿಲ ಜಗಲಿಯಲ್ಲಿ ತರಕಾರಿ ಹೆಚ್ಚುತ್ತಿದ್ದೆವು. ಸೀತಾ ಗೋಡೆಗೆ ಬೆನ್ನು ಹಚ್ಚಿ ನಿಂತು, ಗಲ್ಲ ಒಳಗೆಳೆದು, ಭುಜದ ಹಲಗೆ ಎರಡೂ ಹಿಂದಕ್ಕೆ ಕೂಡಿಸಿ, ‘ಹಿಂಗೆ ಮಾಡಕ್ಕು, ನಮ್ಮನೆ ಕೂಸು ಹೇಳಿಕೊಟ್ಟಿದ್ದು’ ಎಂದು ತೋರಿಸಿದಳು. ನಮ್ಮನೆ ಕೂಸು ಎನ್ನುವಾಗ ಅವಳ ಮುಖ ನೋಡಬೇಕಿತ್ತು, ಹೆತ್ತವಳ ಮುಖವೂ ಅಷ್ಟು ಬೆಳಗುವುದಿಲ್ಲ. ಪರಿಮಳಾ ಎಂಬ ಅವಳ ಅತ್ತಿಗೆ, ‘ಮಗಳು ಹೀಂಗಿಪ್ಪದು ಇದ್ರೆ ನಿಂಗೆಂತ ಚಿಂತೆ ಸೀತಕ್ಕಾ’ ಎಂದಳು. ಮಗಳು ಯಾರದೆಂದು ಸೀತಾ ತಿದ್ದಿದಳು, ಹೌದು, ಆದರೆ ಸ್ವಲ್ಪ ತಡವಾಗಿ ತಿದ್ದಿದಳು. ಮನೆಗೆ ಬರುವವರೆಗೂ ಬಸ್ಸಿನಲ್ಲಿ ನಾನು ಅವಳ ಜೊತೆ ಮಾತನಾಡಲಿಲ್ಲ. ಮಾತನಾಡದಿರಲು ಇನ್ನೊಂದು ಕಾರಣವೂ ಇತ್ತು. ಅಲ್ಲಿ ತಲೆ ಬಗ್ಗಿಸಿ ಸೌತೆಕಾಯಿ ಹೆಚ್ಚುತ್ತಿದ್ದಾಗಲೇ ನನಗೆ ನೋವು ಶುರುವಾಗಿತ್ತು.

ಇಲ್ಲಿಗೆ ಜಗಳ ಮುಗಿಯಿತು. ಇನ್ನು ನಾಚಿಕೆಯ ವಿಷಯ.

ನನಗೂ ತಲೆನೋವಿದೆ ಸಂಹಿತಾ. ಒಂಬತ್ತು ವರ್ಷದಿಂದ ಇದೆ. ಚಿಕ್ಕಿಯದು ಬಲಗಡೆ, ನನ್ನದು ಎಡಗಡೆ, ಉಳಿದಂತೆ ಅದೇ ದಾರಿ. ಪೇಟೆಯ ಹಯಾತ್ ಮಾಸ್ತರರ ಅಂಗಡಿಯಿಂದ ಬ್ಲೌಸುಗಳನ್ನು ಕೈಹೊಲಿಗೆಗೆ ತರಲು ಶುರುಮಾಡಿದ ವರ್ಷದಿಂದ. ನಿನಗೆ ಗೊತ್ತಲ್ಲ, ಅಂಚು ಮಡಿಸಿ ಹೊಲಿಯುವಾಗ ಬಟ್ಟೆ ಎಡತೊಡೆಯ ಮೇಲೆ ಇರುತ್ತದೆ, ತಲೆ ಅದರ ಮೇಲೆ ವಾಲಿರುತ್ತದೆ. ಹುಕ್ಕು, ಕಾಜ, ಸೀರೆಯ ಫಾಲು, ಗೌರಿಹಬ್ಬದಿಂದ ತುಳಸಿಮದುವೆಯವರೆಗೆ ತಲೆ ಎತ್ತಲು ಪುರುಸೊತ್ತಿಲ್ಲ. ನೋವು ಬಂದಾಗ ಬಚ್ಚಲಿಗೆ ಹೋಗಿ ಕುತ್ತಿಗೆಗೆ ಬಿಸಿನೀರು ಹೊಯ್ದುಕೊಳ್ಳುತ್ತಿದ್ದೆ. ತಲೆ ಒದ್ದೆಯೆಂಬ ನೆವದಲ್ಲಿ ಬಟ್ಟೆ ಬಿಗಿದು ಕಟ್ಟಿಕೊಳ್ಳುತ್ತಿದ್ದೆ. ವಾರದಲ್ಲಿ ಎರಡು ಮೂರು ಸಲ ತಲೆಸ್ನಾನ ಮಾಡುತ್ತಾಳೆ ಎಂದು ನಿನ್ನ ಅಪ್ಪಯ್ಯ ನನ್ನನ್ನು ಮಡಿಹೆಂಗಸು ಎಂದುಕೊಂಡಿದ್ದಾರೆ. ಶಿರಸಿಯಲ್ಲಿ ಡಾಕ್ಟರಿಗೆ ತೋರಿಸಿದರೆ ಮನೆಗೆ ಸುದ್ದಿ ಬರುತ್ತದೆಂದು, ತವರಿಗೆ ಹೋಗುವ ನೆವ ಮಾಡಿ ಸಿದ್ದಾಪುರದಲ್ಲಿ ಒಬ್ಬರಿಗೆ ತೋರಿಸಿದೆ. ಹೊಲಿಗೆಯ ವಿಷಯ ಅವರಿಗೆ ಹೇಳಲಿಲ್ಲ, ಕಣ್ಣಿನ ಹಿಂದೆ ನೋವು ಎಂದಷ್ಟೇ ಹೇಳಿದೆ. ಅವರು ಕನ್ನಡಕ ಬರೆದುಕೊಟ್ಟರು. ಆ ಕನ್ನಡಕ ಹಾಕಿಕೊಂಡು ಮತ್ತೂ ಚೆನ್ನಾಗಿ ತಲೆ ಬಗ್ಗಿಸಿ ಹೊಲಿದೆ.

ಏಕೆ ಹೇಳಲಿಲ್ಲ ಎಂದರೆ, ಹೇಗೆ ಹೇಳುವುದು? ಇನ್ನೊಬ್ಬಳ ನೋವಿಗೆ ಸೋಗು ಎಂದು ಹೆಸರಿಟ್ಟು ಆರು ವರ್ಷ ಮೆರೆದವಳು, ಏಳನೇ ವರ್ಷ ಅದೇ ನೋವು ನನಗೂ ಬಂತು ಎಂದು ಯಾವ ಬಾಯಲ್ಲಿ ಹೇಳಲಿ? ಸೀತಾ ನಗುತ್ತಿರಲಿಲ್ಲ, ಅದು ನನಗೆ ಗೊತ್ತು. ಅವಳು ಗಂಧ ತೇಯಲು ಕೂರುತ್ತಿದ್ದಳು. ಅದನ್ನು ತಡೆದುಕೊಳ್ಳುವುದೇ ನನಗೆ ಕಷ್ಟವಾಗುತ್ತಿತ್ತು.

ನನ್ನನ್ನು ಕಂಡುಹಿಡಿದವರು ಒಬ್ಬರೇ, ಹಯಾತ್ ಮಾಸ್ತರರು. ದಸರೆಯ ಹೊತ್ತಿಗೆ ನಾನು ಹೊಲಿದುಕೊಂಡ ಬ್ಲೌಸೊಂದು ಎಡಗಡೆ ಎಳೆಯುತ್ತಿತ್ತು. ಬಟ್ಟೆ ಕುಗ್ಗಿದೆ ಎಂದು ಅವರ ಹತ್ತಿರ ದೂರಿದೆ. ಅವರು ಮೂವತ್ತು ವರ್ಷ ಜನರ ಅಳತೆ ತೆಗೆದವರು, ದೂರದಿಂದಲೇ ನೋಡಿ, ‘ಅಮ್ಮಾ, ಬಟ್ಟೆ ಸರಿ ಐತ್ರಿ. ನಿಮ್ಮ ಎಡಭುಜ ಅರ್ಧ ಇಂಚು ಮೇಲೆ ಹೋಗೇತಿ’ ಎಂದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಹೌದು. ದಿನಾ ನನ್ನ ಎದುರು ಕೂತು ಊಟ ಮಾಡಿದ ಮಗಳಿಗೆ ಕಾಣದ ಅರ್ಧ ಇಂಚು ಟೇಲರ್ ಮಾಸ್ತರರಿಗೆ ಕಂಡಿತು. ಈ ಮಾತು ನಿನ್ನನ್ನು ನೋಯಿಸಲಿ ಎಂದೇ ಬರೆಯುತ್ತಿದ್ದೇನೆ, ಬರೆದ ಮೇಲೆ ಸ್ವಲ್ಪ ಬೇಸರವೂ ಆಗುತ್ತಿದೆ.

ನೀನು ಮಂಗಳೂರಿಗೆ ಹೋದ ಮೇಲೆ ನಾನೇ ನನಗೆ ಚಿಕಿತ್ಸೆ ಶುರುಮಾಡಿದೆ. ಬಿಸಿನೀರಿನ ಚೀಲ ತರುವಾಗ ಬಾಗಿಲ ಸಂದಿಯಲ್ಲಿ ಕಂಡಷ್ಟು ವಿದ್ಯೆ. ಸೀತಾ ಅಂಗಾತ ಮಲಗಿ, ಸುತ್ತಿದ ಟವೆಲನ್ನು ಕುತ್ತಿಗೆಯ ಕೆಳಗಿಟ್ಟು ಅದನ್ನು ಒತ್ತುತ್ತಿದ್ದಳಲ್ಲ, ಅದನ್ನೇ ನಾನು ಮಧ್ಯಾಹ್ನ ಮನೆ ಖಾಲಿಯಿದ್ದಾಗ ಮಾಡಿದೆ. ಬರೀ ಟವೆಲು ಮೆತ್ತಗಾಯಿತು ಎನಿಸಿತು. ಅವಳಂಥ ನಾಜೂಕಿನವಳಿಗೆ ಟವೆಲು ಸಾಕು, ನನ್ನಂಥವಳಿಗೆ ಇನ್ನೂ ಗಟ್ಟಿಯಾದದ್ದು ಬೇಕು ಎಂದು ಚಪಾತಿಯ ಲಟ್ಟಣಿಗೆಯನ್ನು ಟವೆಲಿನೊಳಗೆ ಸುತ್ತಿದೆ. ಅವಳು ಹತ್ತು ಎಣಿಸಿದರೆ ನಾನು ಐವತ್ತು ಎಣಿಸಿದೆ. ಅವಳಿಗಿಂತ ಬೇಗ ಗುಣವಾಗಿ ತೋರಿಸಬೇಕೆಂಬ ಹಟ, ಯಾರಿಗೆ ತೋರಿಸುವುದೆಂದು ಯೋಚಿಸಲಿಲ್ಲ. ಮೊದಲೆರಡು ದಿನ ಕುತ್ತಿಗೆ ಹಗುರಾದಂತೆ ಅನಿಸಿತ್ತು, ಈಗ ಹಾಗೆ ಅನಿಸುತ್ತಿಲ್ಲ.

ಸೋಮವಾರ ಸೀತಾ ನಿನ್ನ ಕಾಗದ ಓದುವಾಗ ಮೂರನೇ ಪುಟದಲ್ಲಿ ಒಂದು ಸಾಲು ಬಂತು, ‘ಚಿಕ್ಕೀ, ಒತ್ತುವುದು ಮೊಟ್ಟೆ ಒಡೆಯದಷ್ಟು ಮೆತ್ತಗೆ.’ ನಮ್ಮ ಮನೆಯವಳಾಗಿ ಮೊಟ್ಟೆಯ ಲೆಕ್ಕ ಎಲ್ಲಿ ಕಲಿತೆಯೋ, ಅದನ್ನು ಇನ್ನೊಮ್ಮೆ ವಿಚಾರಿಸುತ್ತೇನೆ. ಆ ಸಾಲು ಕೇಳಿದ ಮೇಲೆ ಲಟ್ಟಣಿಗೆಯನ್ನು ಅಡುಗೆಮನೆಗೆ ವಾಪಸು ಇಟ್ಟಿದ್ದೇನೆ.

ಇಷ್ಟೇ ವಿಷಯ. ಗಾಬರಿಯಾಗುವಂಥದ್ದೇನಿಲ್ಲ, ಮುಂದಿನ ರಜೆಗೆ ಬಂದಾಗ ನೋಡಿದರೆ ಸಾಕು. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮ ಮೇಡಂಗೆ ನನ್ನ ನಮಸ್ಕಾರ ತಿಳಿಸು, ಜೊತೆಯ ಹುಡುಗಿಯರಿಗೆ ನನ್ನ ನೆನಪು ಹೇಳು. ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ, ಆ ಕೈ ಯಾವಾಗಲೂ ತಣ್ಣಗಿರಲಿ.

ನಿನ್ನ ಆಯಿ,
ದೇವಕಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ. ಗಾಬರಿಯಾಗುವಂಥದ್ದೇನಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ನಿನ್ನೆಯಿಂದ ಎಡಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದಿವೆ. ಈಗ ಸಂಜೆ ಹಳದಿ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ, ಸೂಜಿ ಬೆರಳಿಗೆ ಇಳಿದದ್ದು ನನಗೆ ಗೊತ್ತೇ ಆಗಲಿಲ್ಲ. ಬಟ್ಟೆಯ ಮೇಲೆ ರಕ್ತದ ಚುಕ್ಕೆ ನೋಡಿದವಳು ಸೀತಾ. ಬೆರಳು ಹಿಡಿದು ನೋಡಿದಳು, ಆಮೇಲೆ ಏನೂ ಕೇಳದೆ ನನ್ನ ತಲೆಬುರುಡೆಯ ಬುಡದಲ್ಲಿ ಎಡಗಡೆ, ಸರಿಯಾಗಿ ಅದೇ ಜಾಗದಲ್ಲಿ ಬೆರಳಿಟ್ಟಳು. ‘ಅಕ್ಕಯ್ಯಾ, ಎಷ್ಟು ವರ್ಷಾತು?’ ಎಂದಳು. ಒಂಬತ್ತು ಎಂದೆ. ಅವಳು ನಗಲಿಲ್ಲ. ಅಡುಗೆಮನೆಯಲ್ಲಿ ನಾನಾಡಿದ ಮಾತು ಅವಳಿಗೆ ಮರೆತಿರಲಿಕ್ಕಿಲ್ಲ, ಆದರೆ ಅದನ್ನು ಎತ್ತಲಿಲ್ಲ. ಕೈ ಜೋಮು ಬಂದರೆ ವ್ಯಾಯಾಮ ಬಂದ್, ಮೊದಲು ಡಾಕ್ಟರು ಎಂದು ನೀನು ಬರೆದುಕೊಟ್ಟ ಹಾಳೆಯನ್ನು ನನ್ನ ಮುಂದೆ ಹಿಡಿದಳು. ನಾಳೆ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗುತ್ತಾಳಂತೆ. ಶಾಲೆಗೆ ರಜೆ ಹಾಕಿದ್ದಾಳೆ, ನನ್ನ ತಲೆನೋವಿಗೆ.

ಕೂಸು ಮಾಡಿದ ಹಾಗೆ ಬಿಸಿ ಚೀಲ ಇಟ್ಟು ಸ್ವಲ್ಪ ಹಿಡಿಯಲೇ ಎಂದು ಕೇಳಿದಳು. ಬೇಡ ಎಂದೆ. ಡಾಕ್ಟರು ಏನೇ ಹೇಳಲಿ, ಈ ಕುತ್ತಿಗೆಯನ್ನು ಯಾರಾದರೂ ಮುಟ್ಟುವುದಾದರೆ ಅದು ನೀನೇ ಆಗಬೇಕು. ಟೇಪು ಹಿಡಿದು ಅಳೆದಿದ್ದೇನೆ, ನಿಮ್ಮ ಮೇಡಂಗೆ ತೋರಿಸು: ತಲೆ ತಿರುಗಿಸಿದಾಗ ಗಲ್ಲದಿಂದ ಬಲಭುಜಕ್ಕೆ ಮೂರು ಇಂಚು, ಎಡಭುಜಕ್ಕೆ ಐದೂವರೆ. ಶನಿವಾರದ ಬಸ್ಸಿಗೆ ಹೊರಡು. ಚಿಕ್ಕಿಗೆ ಹತ್ತು ದಿನ ಕೊಟ್ಟಿದ್ದೀಯ. ನನಗೆ ಹನ್ನೊಂದು ಬೇಕು.